ಸುತ್ತಿಗೆಯಕ್ಕ ಮತ್ತು ಐದು ಮೈಲಿ ಹಳಿ

ಸುಣ್ಣಕಲ್ಲಿನ ಕ್ವಾರಿಯಿಂದ ಸಿಮೆಂಟು ಕಾರ್ಖಾನೆಗೆ ಐದು ಮೈಲಿ ಹಳಿ. ಹಳಿಯಡಿಯ ಏರಿಗೆ ಮಣ್ಣು ಹೊತ್ತವರಲ್ಲಿ ಸುತ್ತಿಗೆಯಕ್ಕನ ಮಾವನೂ ಒಬ್ಬ. ಗಂಡ ಅದೇ ಹಳಿಯ ಕೀಮ್ಯಾನ್. ದಿನಾ ಬೆಳಗ್ಗೆ ಉದ್ದಕ್ಕೂ ನಡೆದು, ಸಡಿಲಾದ ಬೆಣೆಗಳನ್ನು ಸುತ್ತಿಗೆಯಿಂದ ಬಿಗಿ ಮಾಡುವವನು. ವ್ಯಾಗನ್ನಿನಿಂದ ಉರುಳಿದ ಕಲ್ಲು ಅವನ ಮಂಡಿ ಪುಡಿ ಮಾಡಿದ ಮೇಲೆ ಕೆಲಸ ಅವಳಿಗೆ ಬಂತು.

"ಹೆಂಗಸು ಎಷ್ಟು ದಿನ ನಡೀತಾಳೆ, ನೋಡೋಣ," ಅಂದರು ಹಳಿ ರಿಪೇರಿಯ ಗ್ಯಾಂಗಿನವರು. ಹತ್ತೊಂಬತ್ತು ವರ್ಷ ನಡೆದಳು. 'ಸುತ್ತಿಗೆಯಕ್ಕ' ಎಂಬ ಹೆಸರು ಎಷ್ಟು ಅಂಟಿತೆಂದರೆ ಗಂಡನೂ ಹಾಗೇ ಕರೆಯತೊಡಗಿದ, ಜಗಳದ ದಿನ ಬಿಟ್ಟು.

ಒಂದು ಸಲ ವಾರವಿಡೀ ಮಳೆ ಹಿಡಿದು ಬಿಟ್ಟಿತ್ತು. ಮೋರಿಯ ಹತ್ತಿರ ಸುತ್ತಿಗೆಯ ಸದ್ದು ಅವಳ ಕಿವಿಗೆ ಬೇರೆಯಾಗಿ ಕೇಳಿತು. ಮತ್ತೆ ಬಡಿದಳು. ಅದೇ ಸದ್ದು. ಕೆಂಪು ಬಾವುಟ ನೆಟ್ಟಳು. ಕಲ್ಲು ತುಂಬಿದ ಗಾಡಿ ಬಂದು ನಿಂತಿತು. ಸೂಪರ್‌ವೈಸರ್ ಟ್ರಾಲಿಯಲ್ಲಿ ಬಂದಿಳಿದ.

"ಹಳಿ ನೆಟ್ಟಗಿದೆ, ಏರಿ ನೆಟ್ಟಗಿದೆ. ಏನಕ್ಕ ನಿನ್ನ ರಗಳೆ?"

"ಕೆಳಗೆ ಪೊಳ್ಳಾಗಿದೆ ಸಾರ್. ಸದ್ದು ಹೇಳ್ತಿದೆ."

"ಕಲ್ಲಿಲ್ದೆ ಕಾರ್ಖಾನೆ ಕುಲುಮೆ ಆರಿದ್ರೆ ಜವಾಬ್ದಾರಿ ನೀನು ತಗೋತೀಯಾ?"

"ಗಾಡಿ ಉರುಳಿದ್ರೆ ನೀವು ತಗೋತೀರಾ?"

ಬಾವುಟ ತೆಗೆ ಎಂದ. ತೆಗೆಯಲಿಲ್ಲ. ಹಾರೆ ತಗೊಂಡು ಹಳಿ ಹೊತ್ತ ಸ್ಲೀಪರ್ ದಿಮ್ಮಿಯ ಪಕ್ಕ ತಾನೇ ಅಗೆಯತೊಡಗಿದಳು. ಎಂಜಿನ್ನಿನಿಂದ ಮುದುಕ ಡ್ರೈವರ್ ತಲೆ ಹಾಕಿ, "ಅಕ್ಕ ಹೇಳೋ ತನಕ ನಾನು ಚಕ್ರ ತಿರುಗ್ಸಲ್ಲ ಸಾರ್," ಎಂದು ಬೀಡಿ ಹಚ್ಚಿದ.

ಅರ್ಧ ಗಂಟೆ ಕಳೆದಿರಬಹುದು. ಹಾರೆ ಒಮ್ಮೆಲೇ ಅವಳ ಕೈಯನ್ನೂ ಎಳೆದುಕೊಂಡು ಮೊಣಕೈವರೆಗೆ ಒಳಗಿಳಿಯಿತು. ಜಲ್ಲಿ ಜರ್ರನೆ ಜಾರಿತು; ಅಡಿಯಲ್ಲಿ ನೀರು ಹರಿಯುವುದು ಎಲ್ಲರಿಗೂ ಕೇಳಿಸಿತು. ಏರಿಯ ಹೊಟ್ಟೆಯೇ ಕೊಚ್ಚಿಹೋಗಿತ್ತು. ಸೂಪರ್‌ವೈಸರ್ ಬಗ್ಗಿ ನೋಡಿದ. ಕ್ಷಮೆ ಕೇಳುವ ಜಾಯಮಾನ ಅವನದಲ್ಲ. ಬೂಟು ಬಿಚ್ಚಿಟ್ಟು ಜಲ್ಲಿಯ ಬುಟ್ಟಿಗೆ ಕೈ ಹಾಕಿದ. ನಾಲ್ಕು ದಿನದಲ್ಲಿ ಹಳಿ ಮತ್ತೆ ಗಟ್ಟಿಯಾಯಿತು.

ಮುಂದೆ ಕ್ವಾರಿಯ ಕಲ್ಲು ತೀರಿತು, ಗಾಡಿಯೂ ನಿಂತಿತು. ಅವಳಿಗಾಗ ಐವತ್ತು. ಕಾರ್ಖಾನೆಯ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂರುವ ಕೆಲಸ ಕೊಡುತ್ತೇವೆ ಎಂದರು.

"ಕೂತು ತಿನ್ನೋಕೆ ನನ್ನ ಕಾಲೇನು ಬಿದ್ದುಹೋಗಿದೆಯಾ?" ಎಂದು ಸರ್ಕಾರಿ ರೈಲಿನ ದೊಡ್ಡ ಲೈನಿನ ಕಚೇರಿಗೆ ನಾಲ್ಕು ಸಲ ಅಲೆದು, ಎಂಟು ಮೈಲಿ ಹಳಿಯ ಕಾವಲು ಹಿಡಿದೇ ಬಂದಳು.

"ಐದು ಸಾಲದಾಯ್ತಾ ನಿಂಗೆ?" ಎಂದ ಗಂಡ.

"ನೀವು ಅನ್ನಕ್ಕಿಡಿ. ನಾಳೆ ಬೇಗ ಹೊರಡ್ಬೇಕು."