ಸ್ವಂತ ಉಳಿ ತಂದವನು

ಉಳಿಯಣ್ಣನ ಮುತ್ತಾತ ಹೊಳೆಗೆ ಮೊದಲ ಮರದ ಸೇತುವೆ ಕಟ್ಟಿದವನು. ಅದರ ಉದ್ಘಾಟನೆಯಲ್ಲಿ, ಕಟ್ಟಿದ ಕೈಗಳನ್ನು ಮರೆತು ಭಾಷಣ ಮಾಡಿದ ದೊಡ್ಡವರಿಗೆ ಎದುರೆದುರೇ ಬೈದು ಬಂದವನು. ತಾತ, ನೆರೆ ಬಂದ ವರ್ಷ ತನ್ನ ಮನೆಯ ಬಾಗಿಲುಗಳನ್ನೇ ಕಿತ್ತು ತೆಪ್ಪ ಮಾಡಿ ಅರ್ಧ ಓಣಿಯನ್ನು ದಡ ಸೇರಿಸಿದ. ಅಪ್ಪ ಶಾಲೆಗೆ ಬೆಂಚುಗಳನ್ನು ಮಾಡಿಕೊಟ್ಟ, ತಾನು ಮಾತ್ರ ಒಂದು ದಿನವೂ ಅವುಗಳ ಮೇಲೆ ಕೂತು ಅಕ್ಷರ ಕಲಿಯಲಿಲ್ಲ.

ಅವರ ಕೈ ದಾಟಿ ಬಂದ ಉಳಿ, ಕೊಡತಿ, ಗರಗಸಗಳನ್ನು ಚೀಲಕ್ಕೆ ಹಾಕಿಕೊಂಡು ಉಳಿಯಣ್ಣ ಮೀಸೆ ಚಿಗುರುವಾಗಲೇ ಕುರ್ಚಿ ಕಾರ್ಖಾನೆ ಸೇರಿದ. ಅಲ್ಲಿ ರೂಢಿಯೇ ಹಾಗೆ, ಬಡಗಿಯಾದವನು ತನ್ನ ಹತಾರ ತಾನೇ ತರಬೇಕು. ಬೇರೆಯವನ ಉಳಿ ಮುಟ್ಟುವುದು ಬೇರೆಯವನ ತಟ್ಟೆಗೆ ಕೈ ಹಾಕಿದಂತೆ. ಬರಿಗೈಲಿ ಬಂದವನನ್ನು "ಹಗ್ಗ ಮರೆತು ಬಾವಿಗೆ ಬಂದೋನು" ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

ಕಳೆದ ತಿಂಗಳು ಕಾರ್ಖಾನೆಯ ಮರ ಕೊಯ್ಯುವ ಯಂತ್ರ ಅವನ ಎಡಗೈಯ ಎರಡು ಬೆರಳು ನುಂಗಿತು. ಅಲಗಿಗೆ ಮುಚ್ಚಳ ಹಾಕಿಸಿ ಎಂದು ಹೇಳಿ ಹೇಳಿ ಅವನ ಬಾಯಿ ಸೋತಿತ್ತು. ಪರಿಹಾರ ಕೇಳಲು ಹೋದರೆ ಧಣಿ ಕೂತಲ್ಲಿಂದ ಅಲ್ಲಾಡಲಿಲ್ಲ. ಕೂತಿದ್ದ ಕುರ್ಚಿಯೂ ಉಳಿಯಣ್ಣ ಮಾಡಿದ್ದೇ.

"ಹೊಸ ಕಾನೂನು ಬಂದಿದೆ ಕಣಣ್ಣ. ಸ್ವಂತ ಹತಾರ ತರೋನು ಕೆಲಸಗಾರ ಅಲ್ಲ, ಗುತ್ತಿಗೆದಾರ. ನಿನ್ನ ಗಾಯ ನಿನ್ನ ಜವಾಬ್ದಾರಿ."

"ಗುತ್ತಿಗೆದಾರನಾ? ಹಂಗಾದ್ರೆ ತಡವಾಯ್ತು ಅಂತ ಗೇಟಲ್ಲಿ ನಿಲ್ಲಿಸ್ತಿದ್ರಲ್ಲ, ಅದು ಯಾರನ್ನ?"

"ಅದೆಲ್ಲ ಹಳೇ ಮಾತು."

"ಬೆರಳು ತಿಂದಿದ್ದು ನನ್ನ ಉಳಿ ಅಲ್ಲ ಧಣಿ, ನಿಮ್ಮ ಯಂತ್ರ."

ಧಣಿ ಫೋನು ಎತ್ತಿಕೊಂಡ. ಉಳಿಯಣ್ಣನಿಗೆ ಮೈಯೆಲ್ಲ ಹೊತ್ತಿಕೊಂಡಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಕಣ್ಣೆದುರೇ ಕೈ ಚಾಚಿದರೂ ಈ ಮನುಷ್ಯನಿಗೆ ಕಾಣಲಿಲ್ಲ. ಮರ್ಯಾದೆಯೆಂದು ಹೊತ್ತು ತಂದ ಚೀಲವನ್ನೇ ಕೊರಳಿಗೆ ಉರುಳು ಮಾಡಿದ್ದರು. ಅಂಥ ಕಾನೂನು ಬರೆದವರು ಜನ್ಮದಲ್ಲಿ ಒಂದು ಮೊಳೆಯನ್ನಾದರೂ ಹೊಡೆದಿದ್ದರೇ?

ಅವನು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟ. ವಿಚಾರಣೆಯ ಹಿಂದಿನ ಸಂಜೆ ಬಸ್ ಓಡಿಸುವ ಅಳಿಯ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತ.

"ಮಾವ, ನಾಳೆ ಸಾಹೇಬ್ರು ಕೇಳೋದು ಒಂದೇ, ಹತಾರ ಯಾರದು ಅಂತ. ಕಾರ್ಖಾನೇದು ಅಂದ್ಬಿಡಿ. ಉಗ್ರಾಣದವನು ಸಾಕ್ಷಿ ಹೇಳ್ತಾನೆ, ಒಪ್ಪಿಸಿದೀನಿ."

"ಅಂದ್ರೆ ನಾಲಿಗೆ ಏನು ಸವೆದು ಹೋಗಲ್ಲ" ಎಂದಳು ಹೆಂಡತಿ, ಅವನ ಕೈಯ ಬಟ್ಟೆ ಬಿಚ್ಚುತ್ತಾ. "ಧಣಿ ಸುಳ್ಳು ಹೇಳಬೋದು, ನೀವು ಹೇಳಬಾರದಾ? ದೊಡ್ಡ ಹರಿಶ್ಚಂದ್ರ."

ಬಟ್ಟೆ ಗಾಯಕ್ಕೆ ಅಂಟಿತ್ತು. ಉಳಿಯಣ್ಣ ಹಲ್ಲು ಕಚ್ಚಿದ.

"ಬೇಡಪ್ಪ. ನೀನು ನನ್ನ ಒಳ್ಳೇದಕ್ಕೇ ಓಡಾಡಿದೀಯ, ಗೊತ್ತು. ಆದ್ರೆ ಬೆರಳು ತಗೊಂಡೋನಿಗೆ ನಮ್ಮ ತಾತನ ಉಳೀನೂ ನಿಂದೇ ಕಣಯ್ಯ ಅಂತ ನಾನೇ ಒಪ್ಪಿಸಿ ಬರಲಾ? ನಾಳಿದ್ದು ಆ ಮಾತು ಹಿಡ್ಕೊಂಡೇ ಚೀಲ ಕಿತ್ಕೋತಾನೆ. ಹತಾರ ನಂದು, ದುಡಿದಿದ್ದು ಅವನ ಹತ್ರ. ಎರಡನ್ನೂ ಹೇಳ್ತೀನಿ, ಸಾಹೇಬ್ರು ಏನು ಬರ್ಕೋತಾರೋ ಬರ್ಕೊಳ್ಳಲಿ. ಆ ಉಗ್ರಾಣದವನಿಗೆ ಬರಬೇಡ ಅಂತ ಹೇಳಿಬಿಡು. ನೀನೂ ಬರಬೇಡ."