ಉರಿ ಹತ್ತದ ಕಾಲು

ನನ್ನ ಹೆಂಡತಿ ಗಿರಿಜಮ್ಮನ ಎಡಗಾಲಿನಲ್ಲಿ, ಕಿರುಬೆರಳಿನ ಬುಡಕ್ಕೆ, ಕಡಲೆಕಾಳಿನಷ್ಟು ಒಂದು ಆಣಿ ಎದ್ದಿತ್ತು. ಆಕೆಗೆ ಗೊತ್ತೇ ಇರಲಿಲ್ಲ. ಕಾಲು ಚಾಚಿ ಅಕ್ಕಿ ಆರಿಸುತ್ತ ಕೂತಿದ್ದಾಗ ನಾನು ಕಂಡದ್ದು.

"ನೋವೈತೇನು?"

"ಇಲ್ರಿ."

ನೋವಿಲ್ಲವೆಂದು ಸಂತೋಷಪಟ್ಟೆ. ನೋವಿಲ್ಲದ್ದೇ ರೋಗ ಎಂದು ತಿಳಿಯುವ ಯೋಗ್ಯತೆ ನನಗಿರಲಿಲ್ಲ.

ಯೋಗ್ಯತೆ ಇರದಿದ್ದರೂ ಅಧಿಕಾರವಿತ್ತು. ಕೊಟ್ಟೂರಿನ ನಮ್ಮ ಓಣಿಯ ಮಟ್ಟಿಗೆ ನಾನು ಬೆಳ್ಳುಳ್ಳಿಯ ಪೀಠಾಧಿಪತಿ. ಪ್ರೈಮರಿ ಶಾಲೆಯಿಂದ ನಿವೃತ್ತನಾದ ಮೇಲೆ ಪಾಠ ಕೇಳುವವರು ಸಿಗದೆ ಕಾಯಿಲೆಯವರನ್ನು ಹಿಡಿದುಕೊಂಡಿದ್ದೆ. ಕಿವಿ ನೋವಿಗೆ ಎಳ್ಳೆಣ್ಣೆಯಲ್ಲಿ ಕಾಯಿಸಿದ ಬೆಳ್ಳುಳ್ಳಿ, ಹೊಟ್ಟೆಯುಬ್ಬರಕ್ಕೆ ಹಾಲಲ್ಲಿ ಕುದಿಸಿದ್ದು, ಬಾಣಂತಿಗೆ ತುಪ್ಪದಲ್ಲಿ ಹುರಿದದ್ದು, ಕೂಸಿನ ನೆಗಡಿಗೆ ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿದ್ದು. ಕೆಲವರಿಗೆ ಗುಣವಾಗುತ್ತಿತ್ತು. ಆಗದವರು ಮರಳಿ ಬರುತ್ತಿರಲಿಲ್ಲ. ಅವರನ್ನೂ ಗುಣವಾದವರಲ್ಲೇ ಸೇರಿಸಿಬಿಡುತ್ತಿದ್ದೆ.

ಆಣಿಗೆ ನಮ್ಮವ್ವ ಮಾಡುತ್ತಿದ್ದದ್ದು ಸರಳ. ಹಸಿ ಬೆಳ್ಳುಳ್ಳಿ ಜಜ್ಜಿ ಮೇಲಿಟ್ಟು ಬಟ್ಟೆ ಕಟ್ಟಬೇಕು. ಉರಿ ಹತ್ತಿತು ಎಂದು ರೋಗಿ ಕೂಗಿದ ಕೂಡಲೇ ಬಿಚ್ಚಬೇಕು. ಗಡಿಯಾರವಿಲ್ಲದ ಮನೆಯ ವೈದ್ಯ ಅದು. ರೋಗಿಯ ಉರಿಯೇ ಗಂಟೆ.

ಬೆಳಿಗ್ಗೆ ಪೂಜೆ ಮುಗಿಸಿ ಕಟ್ಟಿದೆ. ಊಟದ ಹೊತ್ತಿಗೆ ಕೇಳಿದೆ, "ಉರಿ ಹತ್ತಿತೇನು?"

"ಇಲ್ರಿ. ತಣ್ಣಗೈತಿ."

ಸಂಜೆಗೂ ತಣ್ಣಗೇ ಇತ್ತು. ತಪ್ಪು ನನ್ನದಿರಲು ಸಾಧ್ಯವೇ? ತಪ್ಪು ಬೆಳ್ಳುಳ್ಳಿಯದು. ಅಂಗಡಿಯಲ್ಲಿ ಸಿಗುವ ದಪ್ಪ ಎಸಳಿನದರಲ್ಲಿ ಸತ್ವವೆಲ್ಲಿ? ಮರುದಿನ ಸಂತೆಗೆ ಹೋಗಿ ಸಣ್ಣ ಎಸಳಿನ ಜವಾರಿ ಬೆಳ್ಳುಳ್ಳಿ ತಂದೆ. ಮಾರುವ ಮುದುಕಿ ಹೇಳಿದ್ದಳು: "ನೋಡ್ಕೊಂಡು ಕಟ್ರಿ ಮೇಷ್ಟ್ರ, ಇದು ಭಾಳ ಖಾರ ಐತಿ." ನನಗೆ ಪಾಠ ಹೇಳಲು ಬಂದಳಲ್ಲ ಎಂದು ನಕ್ಕೆ. ಹತ್ತು ಎಸಳು ಜಜ್ಜಿ, ಬಿಗಿಯಾಗಿ ಕಟ್ಟಿ, ನಡುವೆ ಬಿಚ್ಚಿದರೆ ಮದ್ದಿನ ಬಲ ಹೋಗುತ್ತದೆಂದು ಮೂರು ದಿನ ಹಾಗೇ ಬಿಟ್ಟೆ.

ಗಿರಿಜಮ್ಮನಿಗೆ ಎಂಟು ವರ್ಷದಿಂದ ಶುಗರ್ ಇತ್ತು. ಕಾಲಿಂದ ಚಪ್ಪಲಿ ಜಾರಿದರೂ ತಿಳಿಯದೆ ಬರಿಗಾಲಲ್ಲಿ ಮನೆಗೆ ಬಂದಿದ್ದಳು ಒಮ್ಮೆ. ಆಗ ನಾನು ಮರೆವಿಗೆ ಬೆಳ್ಳುಳ್ಳಿ ಹಾಲು ಕೊಟ್ಟಿದ್ದೆ.

ನಾಲ್ಕನೇ ದಿನ ಬಟ್ಟೆ ಬಿಚ್ಚಿದೆ. ಬಟ್ಟೆಯ ಜೊತೆ ಚರ್ಮವೂ ಬಂತು.

"ಆತೇನ್ರಿ?" ಅಂದಳು ಆಕೆ, ಅಕ್ಕಿಯಿಂದ ತಲೆಯೆತ್ತದೆ.

ಕೊಳೆತ ಮಾಂಸದ ಆ ವಾಸನೆ ಒಂದು ದಿನ ಮೊದಲೇ ಬರಬೇಕಿತ್ತು. ಬೆಳ್ಳುಳ್ಳಿ ಮುಚ್ಚಿಟ್ಟಿತ್ತು. ಆಗಲಾದರೂ ಬಸ್ಸು ಹತ್ತಬಹುದಿತ್ತು. ಪೀಠಾಧಿಪತಿ ಅರಿಸಿನ ಹಚ್ಚಿ ಇನ್ನೂ ಎರಡು ದಿನ ಕಳೆದ. ಬೆರಳು ಕಪ್ಪಾಯಿತು. ಚಳಿಜ್ವರ ಬಂತು. ಆಗ ಎಸ್‌ಟಿಡಿ ಬೂತಿನಿಂದ ಹರಪನಹಳ್ಳಿಯ ಮಗಳು ನಾಗವೇಣಿಗೆ ಫೋನ್ ಮಾಡಿದೆ. ದಾವಣಗೆರೆ ಬಸ್ಸಿಗೆ ಆಕೆ ಅಲ್ಲಿ ಹತ್ತಿಕೊಂಡಳು. ತಾಯಿಯ ಕಾಲು ನೋಡಿ, ದಾವಣಗೆರೆ ಬರುವ ತನಕ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು.

ಡಾಕ್ಟರ್ ಸಣ್ಣ ವಯಸ್ಸಿನವರು. ನನ್ನ ಮೇಷ್ಟರಿಕೆಯನ್ನೂ ಕೇಳಿ ಬರೆದುಕೊಂಡರು. ಅಂಗಾಲಿಗೆ ಪಿನ್ನು ಒತ್ತುತ್ತ ಕೇಳಿದರು, "ಗೊತ್ತಾಗ್ತೈತೇನಮ್ಮ?"

"ನೀವಿನ್ನೂ ಚುಚ್ಚೇ ಇಲ್ಲಲ್ರಿ," ಅಂದಳು ಗಿರಿಜಮ್ಮ.

ನಾಲ್ಕು ಕಡೆ ಚುಚ್ಚಿಯಾಗಿತ್ತು.

ನ್ಯೂರೋಪತಿ ಅಂದರು. ಶುಗರಿನಿಂದ ಕಾಲಿನ ನರ ಸತ್ತಿವೆ, ಬೆಂಕಿಯ ಮೇಲಿಟ್ಟರೂ ತಿಳಿಯದು. ಸುಟ್ಟ ಚರ್ಮ ನೋಡಿಯೇ ಬೆಳ್ಳುಳ್ಳಿ ಎಂದು ಹಿಡಿದರು. "ಬೆಳ್ಳುಳ್ಳಿ ಊಟದಾಗ ತಿನ್ರಿ, ಬ್ಯಾಡ ಅನ್ನಲ್ಲ. ಹಸೀದು ಜಜ್ಜಿ ಚರ್ಮಕ್ಕೆ ಕಟ್ಟಿದ್ರೆ ಆಸಿಡ್ ಹಾಕ್ದಂಗೆ. ಒಳ್ಳೇ ಕಾಲಾದ್ರೆ ಅರ್ಧ ಗಂಟೇಲಿ ಕೂಗ್ಕೊಂಡಿರೋರು." ಗ್ಯಾಂಗ್ರೀನ್ ಮೇಲೇರಿದರೆ ಪಾದ ಹೋಗುತ್ತದೆ, ಇನ್ನೂ ಏರಿದರೆ ಮೊಣಕಾಲವರೆಗೆ ಎಂದು ಹೇಳಿ, ಪೆನ್ನು ಕೆಳಗಿಟ್ಟರು.

"ಇದನ್ನ ಕಟ್ಟಿದ್ದು ಯಾರು?"

ನಾನು ಬಾಯಿ ತೆರೆದೆ. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿ. ಅದರಿಂದ ಏನೂ ಹೊರಡಲಿಲ್ಲ.

"ನಾನಽ ಕಟ್ಕೊಂಡೀನ್ರಿ," ಅಂದಳು ಗಿರಿಜಮ್ಮ.

ಡಾಕ್ಟರ್ ಆಕೆಯನ್ನು ಬೈದರು. ಆಮೇಲೆ ನನ್ನತ್ತ ತಿರುಗಿ, "ಓದಿದೋರು ನೀವು, ಸ್ವಲ್ಪ ತಿಳಿಸಿ ಹೇಳ್ಬಾರ್ದಾ ಮೇಷ್ಟ್ರೇ?" ಅಂದರು.

ನಾನು ತಲೆಯಾಡಿಸಿದೆ.

ಹೌದು, ಗಂಭೀರವಾಗಿ, ಒಪ್ಪಿದವನಂತೆ ತಲೆಯಾಡಿಸಿದೆ.

ಎರಡು ಬೆರಳು ತೆಗೆದರು. ಗ್ಯಾಂಗ್ರೀನ್ ಪಾದಕ್ಕೆ ಏರಲಿಲ್ಲ. ಇಪ್ಪತ್ತೆರಡು ದಿನ ವಾರ್ಡಿನಲ್ಲಿದ್ದೆವು. ದಿನವೂ ಡ್ರೆಸಿಂಗ್, ಇನ್ಸುಲಿನ್, ಸಪ್ಪನೆಯ ರೊಟ್ಟಿ. ನಾಗವೇಣಿ ತಾಯಿಯ ತಲೆ ಬಾಚುತ್ತ ಬೈಯುತ್ತಿದ್ದಳು: "ಅಪ್ಪನ್ನ ಕೇಳದ ಇಂಥಾ ಉಸಾಬರಿ ಯಾಕ ಮಾಡಾಕ ಹೋದಿ ಯವ್ವಾ? ಸಣ್ಣ ಹುಡುಗೀನ ನೀನು?" ಗಿರಿಜಮ್ಮ ಸುಮ್ಮನೆ ಬಾಚಿಸಿಕೊಳ್ಳುತ್ತಿದ್ದಳು. ನಾನು ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದೆ. ಒಂದೇ ಪುಟವನ್ನು ಇಪ್ಪತ್ತೆರಡು ದಿನ ಓದಿದೆನೆಂದರೂ ತಪ್ಪಿಲ್ಲ.

ಒಮ್ಮೆ ಮಗಳು ಚಹಾಕ್ಕೆ ಹೋದಾಗ ಕೇಳಿದೆ, "ಯಾಕ ಹಂಗ ಹೇಳ್ದಿ?"

"ನಿಮ್ಮ ಮಾರಿ ನೋಡಾಕ ಆಗ್ಲಿಲ್ರಿ," ಅಂದಳು. ಹೊದಿಕೆ ಎಳೆದುಕೊಳ್ಳುತ್ತ, "ಆದ್ರ ನೀವೂ ಹೇಳ್ಲಿಲ್ಲ," ಅಂದಳು.

ಬೆರಳು ಹೋದಾಗಲೂ ಅಳದವಳು ಆಗ ಗೋಡೆಯ ಕಡೆ ಹೊರಳಿ ಮಲಗಿದಳು.

ಈಗ ಮನೆಯಲ್ಲಿದ್ದೇವೆ. ಆಕೆ ಶುಗರಿನವರಿಗೆಂದೇ ಮಾಡುವ ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿ ನಿಧಾನ ನಡೆಯುತ್ತಾಳೆ. ಓಣಿಯವರು ಈಗಲೂ ಮದ್ದು ಕೇಳಲು ಬರುತ್ತಾರೆ. ಆಸ್ಪತ್ರೆಗೆ ಹೋಗಿ ಅಂದರೆ, ಮೇಷ್ಟ್ರಿಗೆ ಸೊಕ್ಕು ಬಂದೈತಿ ಅನ್ನುತ್ತಾರೆ. ದಿನವೂ ಬೆಳಿಗ್ಗೆ ಎರಡೂ ಕಾಲನ್ನು ಬೆಳಕಿಗೆ ಹಿಡಿದು, ಬೆರಳ ಸಂದಿ ಬಿಡಿಸಿ, ಕೆಂಪಿದೆಯೋ ಬಿರುಕಿದೆಯೋ ನೋಡಬೇಕೆಂದು ಡಾಕ್ಟರ್ ಹೇಳಿದ್ದಾರೆ. ಕಾಲಿಗೆ ತಿಳಿಯದ್ದನ್ನು ಕಣ್ಣು ತಿಳಿಯಬೇಕು. ಆ ಕೆಲಸ ನನ್ನದು. ಎಂಟು ಬೆರಳು ಉಳಿದಿವೆ. ಅಷ್ಟಕ್ಕೆ ಕೃತಜ್ಞನಾಗಿದ್ದೇನೆ, ಜೋರಾಗಿ ಹೇಳಲು ನಾಚಿಕೆ.

ನಾಗವೇಣಿ ಬಂದಾಗಲೆಲ್ಲ ಈಗಲೂ ತಾಯಿಯನ್ನೇ ಬೈಯುತ್ತಾಳೆ. ಬಾಯಿಂದ ಹೇಳಲು ಎರಡು ಸಲ ಹೊರಟು ಹವಾಮಾನದ ಮಾತಾಡಿದೆ. ಅದಕ್ಕೇ ಬರೆದೆ. ಮಗಳೇ, ಕಟ್ಟಿದ್ದು ನಾನು.

ಇಷ್ಟನ್ನೂ ಗಿರಿಜಮ್ಮನಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಲೇ ಕೇಳಿದಳು. ಆಮೇಲೆ ಎಡಗಾಲನ್ನು ನನ್ನ ಮುಂದೆ ಚಾಚಿದಳು.

"ಅಕಿಗೆ ಕಳಸ್ರಿ. ಮೊದ್ಲು ಕಾಲು ನೋಡ್ರಿ, ಹೊತ್ತಾತು."