ಮೈಸೂರಿನ ಹತ್ತು ದಿನದ ಕೆಮ್ಮು

ಆ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಲಿಟ್ಟೆ, ದೇವರಿಗೆ ದೀಪ ಹಚ್ಚಿದೆ, ಆಮೇಲೆ ಮಗಳ ಪುಷ್-ಅಪ್ ಎಣಿಸಲು ನಿಂತೆ. ಮೂರು ತಿಂಗಳಿಂದ ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯ ಕ್ರಮ ಇದೇ ಆಗಿತ್ತು. ಅವಳು ಹಾಲ್‌ನ ಕಾರ್ಪೆಟ್ ಮೇಲೆ, ನಾನು ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ. ಎದೆ ಪೂರ್ತಿ ಕೆಳಗಿಳಿಯದಿದ್ದರೆ ನಾನು ಎಣಿಸುವಂತಿಲ್ಲ ಎಂದು ಅವಳೇ ನಿಯಮ ಮಾಡಿದ್ದಳು. ‘ಅಮ್ಮ, ಪಾಪ ಅಂತ ಕೌಂಟ್ ಮಾಡ್ಬೇಡ.’ ಆ ಬೆಳಿಗ್ಗೆ ನಲವತ್ತೊಂದಾಯಿತು. ಕೊನೆಯ ಎರಡನ್ನು ನಾನು ಬಿಟ್ಟೆ. ಅವಳು ತಕರಾರು ಮಾಡಲಿಲ್ಲ.

ಅವಳಿಗೆ ಆಗ ಹದಿನೇಳು. ಹೈಸ್ಕೂಲಿನ ಕೊನೆಯ ವರ್ಷ. ಏಳು ಕಾಲೇಜುಗಳಿಗೆ ಸಿವಿಲ್ ಇಂಜಿನಿಯರಿಂಗ್‌ಗೆ ಅಪ್ಲೈ ಮಾಡುತ್ತಿದ್ದಳು. ಅದರ ಜೊತೆಗೇ ಸೈನ್ಯದ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿದ್ದಳು. ಅದು ಸಿಕ್ಕರೆ ಓದಿನ ಖರ್ಚು ಸೈನ್ಯದ್ದು. ಕಾಲೇಜಿನಲ್ಲಿರುವಾಗಲೇ ತರಬೇತಿ, ಡಿಗ್ರಿ ಮುಗಿದ ಮೇಲೆ ಕೆಲವು ವರ್ಷ ಆಫೀಸರ್ ಆಗಿ ಕೆಲಸ. ಈ ವಿಷಯ ನಮ್ಮ ಕನ್ನಡದವರ ಪಾಟ್‌ಲಕ್ ಊಟದಲ್ಲಿ ನಾನು ಬಾಯಿಬಿಟ್ಟಾಗ, ಬಿಸಿಬೇಳೆಬಾತ್ ಬಡಿಸುತ್ತಿದ್ದ ಒಬ್ಬರು ಕೈ ಹಾಗೇ ನಿಲ್ಲಿಸಿ, ‘ಅಯ್ಯೋ, ಯಾಕ್ರೀ? ಮಾರ್ಕ್ಸ್ ಚೆನ್ನಾಗಿದೆ ಅಂತಿದ್ರಲ್ಲ?’ ಎಂದರು. ಮಗಳು ತಟ್ಟೆ ಮುಂದೆ ಹಿಡಿದುಕೊಂಡೇ, ‘ಇಟ್ ಈಸ್ ಗುಡ್, ಆಂಟಿ. ಅದಕ್ಕೇ ತಗೋತಾರೆ,’ ಎಂದಳು. ಯಾರೂ ಸೇತುವೆ ಕಟ್ಟಲು ಹೋಗದ ಕಡೆ ಹೋಗಿ ಕಟ್ಟಬೇಕು ಎಂಬುದು ಅವಳ ಆಸೆ. ಅದನ್ನು ನನಗೆ ಮಾತ್ರ ಹೇಳಿದ್ದಳು.

ಅಂದು ಸ್ಯಾನ್ ಡಿಯಾಗೋದ ಒಂದು ಯೂನಿವರ್ಸಿಟಿಯಲ್ಲಿ ಆ ಸ್ಕಾಲರ್‌ಶಿಪ್ಪಿನ ಇಂಟರ್‌ವ್ಯೂ. ಅರ್ಜಿಯ ಪ್ರಶ್ನೆಗಳ ನಡುವೆ ಹೌದು ಎಂದರೆ ಅರ್ಜಿಯನ್ನೇ ತಳ್ಳಿಹಾಕಬಹುದಾದ ಒಂದು ಪ್ರಶ್ನೆ ವಾರದಿಂದ ನನ್ನ ನಿದ್ದೆಗೆಡಿಸಿತ್ತು. ಹದಿಮೂರು ವರ್ಷ ತುಂಬಿದ ಮೇಲೆ ಉಬ್ಬಸ ಬಂದಿದೆಯೇ, ಇನ್‌ಹೇಲರ್ ಬಳಸಿದ್ದೀರಾ? ಬಂದಿತ್ತು. ಹದಿನಾಲ್ಕನೇ ವಯಸ್ಸಿನ ಬೇಸಿಗೆಯಲ್ಲಿ, ಮೈಸೂರಿನಲ್ಲಿ ನನ್ನ ಅಕ್ಕನ ಮನೆಗೆ ಸುಣ್ಣಬಣ್ಣ ಆಗುತ್ತಿದ್ದಾಗ ಅವಳಿಗೆ ಕೆಮ್ಮು ಹತ್ತಿ, ಡಾಕ್ಟರು ಹತ್ತು ದಿನಕ್ಕೆ ಇನ್‌ಹೇಲರ್ ಬರೆದಿದ್ದರು. ಆಮೇಲೆ ಯಾವತ್ತೂ ಬೇಕಾಗಲಿಲ್ಲ. ಆ ಚೀಟಿ ನನ್ನ ಫೈಲಿನಲ್ಲಿ ಇತ್ತು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರಲ್ಲಿ ಇದೂ ಒಂದು, ಯಾವ ಕಾಗದವನ್ನೂ ಎಸೆಯಬಾರದು, ತಾರೀಕಿನ ಪ್ರಕಾರ ಜೋಡಿಸಿಡಬೇಕು.

‘ಅಲ್ಲಿಯ ಚೀಟಿ ಇಲ್ಲಿ ಯಾರಿಗೆ ಗೊತ್ತಾಗುತ್ತೆ? ಬಿಡು,’ ಎಂದಿದ್ದರು ನಮ್ಮನೆಯವರು. ಆ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಫೈಲಿನಿಂದ ಚೀಟಿ ತೆಗೆದು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಸೇರಿಸಿದೆ. ಹರಿದುಹಾಕಲು ಮಾತ್ರ ಕೈ ಬರಲಿಲ್ಲ. ನಾನು ಕೋಣೆಯಿಂದ ಹೊರಗೆ ಬಂದಾಗ ಅವಳು ಸ್ನಾನ ಮುಗಿಸಿ ತನ್ನ ಬಿಳಿ ಶರ್ಟಿಗೆ ತಾನೇ ಇಸ್ತ್ರಿ ಹಾಕುತ್ತಿದ್ದಳು, ಕಾಲರಿನ ಒಳಮಗ್ಗುಲಿಗೆ ಮೊದಲು, ಹೊರಮಗ್ಗುಲಿಗೆ ಆಮೇಲೆ.

ಎರಡು ಗಂಟೆಯ ದಾರಿ. ಕಡಲು ಕಂಡಮೇಲೂ ಅವಳು ಕಿಟಕಿಯ ಕಡೆ ನೋಡಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದಳು.

ಮಾಸ್ಕಿನ ಕಾಲ ಆಗಷ್ಟೇ ಮುಗಿಯುತ್ತಿತ್ತು, ಆಫೀಸಿನ ಬಾಗಿಲನ್ನು ತೆರೆದೇ ಇಟ್ಟಿದ್ದರು. ನಾನು ಫೈಲ್ ಹಿಡಿದು ಹೊರಗೆ ಕುರ್ಚಿಯಲ್ಲಿ ಕೂತಿದ್ದೆ. ಒಳಗೆ ಇಂಟರ್‌ವ್ಯೂ ಮಾಡುತ್ತಿದ್ದವರು ಒಬ್ಬ ಮೇಜರ್, ಹೆಂಗಸು, ನನಗಿಂತ ಚಿಕ್ಕವರು. ಇಂಜಿನಿಯರಿಂಗ್ ಜೊತೆಗೆ ಬೆಳಗಿನ ತರಬೇತಿ, ನಿಭಾಯಿಸ್ತೀಯಾ ಎಂದು ಕೇಳಿದರು. ಸೋತ ಒಂದು ಸಂದರ್ಭ ಹೇಳು ಎಂದರು. ಗಣಿತದ ಸ್ಪರ್ಧೆಯಲ್ಲಿ ತನ್ನ ತಪ್ಪಿನಿಂದ ತಂಡವೇ ಸೋತದ್ದನ್ನು ಮಗಳು ಹೇಳಿದಳು. ನನಗೇ ಅದು ಗೊತ್ತಿರಲಿಲ್ಲ. ಕೊನೆಗೆ ಆರೋಗ್ಯದ ಪಟ್ಟಿ ಓದಲು ಶುರುಮಾಡಿದರು.

‘ಹದಿಮೂರರ ನಂತರ ಉಬ್ಬಸ, ಇನ್‌ಹೇಲರ್?’

‘ಯೆಸ್, ಮ್ಯಾಮ್. ಹದಿನಾಲ್ಕರಲ್ಲಿ. ಇಂಡಿಯಾದಲ್ಲಿ, ಹತ್ತು ದಿನ.’

ಎಲ್ಲಾ ಉತ್ತರಗಳಿಗೂ ಒಂದು ಕ್ಷಣ ಯೋಚಿಸಿದವಳು ಇದಕ್ಕೆ ಯೋಚಿಸಲೇ ಇಲ್ಲ. ನಾನು ಪರ್ಸನ್ನು ಹತ್ತಿರಕ್ಕೆ ಎಳೆದುಕೊಂಡೆ.

‘ಅದರ ಕಾಗದ ಏನಾದರೂ ಇದೆಯಾ?’

‘ಅಮ್ಮನ ಹತ್ತಿರ ಇದೆ.’

ಇಬ್ಬರೂ ಹೊರಗೆ ಬಂದರು. ನಾನು ಫೈಲ್ ತೆರೆದೆ. ಆ ವರ್ಷದ ಪ್ಲಾಸ್ಟಿಕ್ ಹಾಳೆ ಖಾಲಿ ಇತ್ತು. ‘ಇಲ್ಲೇ ಇತ್ತಲ್ಲಮ್ಮ,’ ಎಂದಳು ಮಗಳು. ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಪರ್ಸ್ ತೆಗೆದು ಮಡಿಸಿದ ಚೀಟಿ ಕೊಟ್ಟೆ.

ಮೇಜರ್ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, ‘ಈ ಅಕ್ಷರ ನನಗೆ ಅರ್ಥವಾಗ್ತಿಲ್ಲ. ಓದಿ ಹೇಳ್ತೀರಾ?’ ಎಂದರು. ನಾನು ಬಚ್ಚಿಟ್ಟದ್ದನ್ನು ನಾನೇ ನಿಂತು ಗಟ್ಟಿಯಾಗಿ ಓದಿದೆ. ದಿನಕ್ಕೆ ಎರಡು ಸಲ, ಹತ್ತು ದಿನ, ಧೂಳಿನಿಂದ ದೂರ.

‘ಇದರಿಂದ ತೊಂದರೆ ಆಗಬಹುದು,’ ಎಂದರು ಅವರು, ಮಗಳಿಗೇ. ‘ಉಸಿರಾಟದ ಪರೀಕ್ಷೆ ಮಾಡಿಸ್ತಾರೆ. ವಿನಾಯಿತಿ ಬೇಕಾಗುತ್ತೆ. ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲಾರೆ.’

‘ಅರ್ಥವಾಯ್ತು, ಮ್ಯಾಮ್.’

ವಾಪಸು ಬರುವಾಗ ಕಡಲ ಪಕ್ಕದ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಪುಳಿಯೋಗರೆ ಡಬ್ಬಿ ತೆರೆದೆವು. ಅವಳು ಕಡಲೆಬೀಜಗಳನ್ನು ಆರಿಸಿ ಮೊದಲು ತಿಂದಳು, ಚಿಕ್ಕಂದಿನಿಂದಲೂ ಹಾಗೇ.

‘ಅದು ಪರ್ಸಲ್ಲಿ ಯಾಕಿತ್ತು?’

‘ನೀನು ಹೇಳಲ್ಲ ಅಂದ್ಕೊಂಡೆ. ಹೇಳ್ಬಾರ್ದು ಅಂತ ನನಗಿತ್ತು.’

ಅವಳು ಡಬ್ಬಿ ಕೆಳಗಿಟ್ಟಳು. ‘ಅಪ್ಪಾನೂ ಹಾಗೇ ಅಂದ್ರು. ಬಟ್ ಅಮ್ಮ, ಮುಂದೆ ನನ್ನ ಕೈಕೆಳಗೆ ಮೂವತ್ತು ಜನ ಇರ್ತಾರೆ. ಅವರಲ್ಲಿ ಯಾರಿಗೋ ಉಸಿರು ಕಟ್ಟಿದ್ರೆ ಅವರು ನನಗೆ ಹೇಳ್ಬೇಕು ತಾನೆ?’ ಇಷ್ಟು ಉದ್ದದ ಮಾತನ್ನು ಅವಳು ಕನ್ನಡದಲ್ಲಿ ಆಡುವುದೇ ಅಪರೂಪ. ನನಗಾಗಿ ಆಡಿದಳು. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಉಳಿದಿದ್ದ ಅನ್ನವನ್ನು ನನ್ನ ಕಡೆ ತಳ್ಳಿ, ‘ತಿನ್ನು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು,’ ಎಂದಳು. ಅದನ್ನೂ ನೋಡಿದ್ದಾಳೆ. ಈ ಹುಡುಗಿಗೆ ನಾನು ಕಲಿಸಿದ್ದು ಯಾವುದು, ಅವಳೇ ಕಲಿತದ್ದು ಯಾವುದು ಎಂದು ಅಲ್ಲಿಂದ ಮನೆಯವರೆಗೂ ಯೋಚಿಸುತ್ತ ಬಂದೆ. ಹೆಚ್ಚಿನದು ಅವಳದೇ.

ಸ್ಕಾಲರ್‌ಶಿಪ್ ಬಂದದ್ದು ಮುಂದಿನ ವಸಂತಕ್ಕೆ, ಉಸಿರಾಟದ ಪರೀಕ್ಷೆ ಎರಡು ಸಲ ಆದಮೇಲೆ. ಆ ಸಂಜೆ ನಮಗೆ ಅದೇನೂ ಗೊತ್ತಿರಲಿಲ್ಲ. ಮನೆಗೆ ಬಂದವಳೇ ಶರ್ಟನ್ನು ಹ್ಯಾಂಗರಿಗೆ ಹಾಕಿ, ಶೂ ಕಟ್ಟಿ, ಎಂದಿನಂತೆ ಗುಡ್ಡದ ರಸ್ತೆಯಲ್ಲಿ ಓಡಲು ಹೊರಟಳು. ನಾನು ಕಸದ ಬಿನ್ ಹೊರಗಿಡುವ ನೆಪದಲ್ಲಿ ಗ್ಯಾರೇಜಿನ ಮುಂದೆ ನಿಂತೆ. ಪಕ್ಕದ ಮನೆಯ ಕೊರಿಯನ್ ಅಜ್ಜ ತಮ್ಮ ನಾಯಿಯನ್ನು ಎತ್ತಿಕೊಂಡು ಗುಡ್ಡ ಇಳಿದು ಬರುತ್ತಿದ್ದರು. ನಾಯಿಯ ನಾಲಿಗೆ ಹೊರಗೆ ಜೋತಿತ್ತು.

‘ನಿಮ್ಮ ಮಗಳ ಹಿಂದೆ ಓಡ್ತೀನಿ ಅಂತ ಹೋಯ್ತು, ಅರ್ಧಕ್ಕೇ ಕೂತುಬಿಟ್ಟಿತು,’ ಎಂದರು ತಮ್ಮ ಬಾಗಿಲ ಕಡೆ ನಡೆಯುತ್ತಲೇ. ‘ಅವಳು ಗುಡ್ಡದ ತುದಿಯಿಂದ ನನಗೆ ಗುಡ್ ಈವ್ನಿಂಗ್ ಅಂತ ಕೂಗಿದಳು. ಅಷ್ಟು ಉಸಿರು ಎಲ್ಲಿಂದ ತರ್ತಾಳೋ ಏನೋ.’